ದಾರಿ ಬಿಡುವ ಥ್ರೆಡ್‌ಗಳು

ದೊಡ್ಡ ವಿಡಿಯೊ ಫೈಲ್ ಒಂದನ್ನು ಚಿಕ್ಕದು ಮಾಡಲು ಹಾಕಿದ್ದೀರಿ. ಆ ಕೆಲಸ ಪ್ರೊಸೆಸರನ್ನು ಹಿಂಡಿ ಹಿಪ್ಪೆ ಮಾಡುತ್ತಿದೆ. ಆದರೂ ಪಕ್ಕದ ಕಿಟಕಿಯಲ್ಲಿ ನೀವು ಒತ್ತಿದ ಅಕ್ಷರ ಆ ಕ್ಷಣವೇ ಮೂಡುತ್ತದೆ. ಇದು ಸುಮ್ನೆ ಆಗುವುದಲ್ಲ. ಪ್ರೊಸೆಸರಿಗಾಗಿ ಕಾಯುತ್ತಿರುವ ಥ್ರೆಡ್‌ಗಳಲ್ಲಿ, ಅಂದರೆ ಪ್ರೋಗ್ರಾಮ್‌ಗಳ ಒಳಗೆ ಓಡುವ ಕೆಲಸದ ಎಳೆಗಳಲ್ಲಿ, ಯಾವುದನ್ನು ಕರೆಯಬೇಕು, ಎಷ್ಟು ಹೊತ್ತು ಓಡಲು ಬಿಡಬೇಕು ಅಂತ ಒಬ್ಬರು ನೋಡಿಕೊಳ್ಳುತ್ತಿರುತ್ತಾರೆ. ಅದೇ ಶೆಡ್ಯೂಲರ್, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಂದು ಭಾಗ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರತಿ ಥ್ರೆಡ್‌ಗೂ ‘ನೈಸ್’ ಎಂಬ ಒಂದು ಅಂಕಿ ಇರುತ್ತದೆ. ಅದು -20ರಿಂದ 19ರವರೆಗೆ ಹೋಗುತ್ತದೆ. ಹೆಸರೇ ಹೇಳುವಂತೆ ಇದು ಒಳ್ಳೆಯತನದ ಅಳತೆ. ಅಂಕಿ ಜಾಸ್ತಿಯಾದಷ್ಟೂ ಆ ಥ್ರೆಡ್ ಬೇರೆಯವರಿಗೆ ಜಾಸ್ತಿ ದಾರಿ ಬಿಡುತ್ತದೆ. ಒಳ್ಳೆಯತನ ಹೆಚ್ಚಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಇಳಿಸಿಕೊಳ್ಳಬೇಕೆಂದರೆ ಮಾತ್ರ ಸಾಮಾನ್ಯವಾಗಿ ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರ ಬೇಕು!

ಆದ್ಯತೆ ಎಂದರೆ ‘ಮೊದಲು ಇವರು, ಆಮೇಲೆ ಅವರು’ ಎಂಬ ಸಾಲು ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಮಾಮೂಲಿ ಥ್ರೆಡ್‌ಗಳ ಮಟ್ಟಿಗೆ ಅದು ತಪ್ಪು. ಇಲ್ಲಿ ಆದ್ಯತೆ ಎಂದರೆ ಪಾಲು.

ಕರ್ನಲ್ ಕೋಡ್ ತೆರೆದು ನೋಡಿದರೆ 40 ಅಂಕಿಗಳ ಪುಟ್ಟ ಪಟ್ಟಿಯೊಂದು ಸಿಗುತ್ತದೆ. ಒಂದೊಂದು ನೈಸ್ ಮಟ್ಟಕ್ಕೆ ಒಂದೊಂದು ತೂಕ. ನೈಸ್ 0 ಇದ್ದರೆ 1024, 5 ಇದ್ದರೆ 335, 19 ಇದ್ದರೆ ಬರೀ 15. ನೈಸ್ ಅಂಕಿ ಒಂದು ಏರಿದರೆ ತೂಕ ಸುಮಾರು 1.25 ಪಟ್ಟು ಕಡಿಮೆಯಾಗುತ್ತದೆ. ಈಗ ಪ್ರೊಸೆಸರಿನ ಒಂದೇ ಕೋರ್‌ಗಾಗಿ (ಲೆಕ್ಕ ಮಾಡುವ ಘಟಕ) ಎರಡು ಥ್ರೆಡ್ ಬಡಿದಾಡುತ್ತಿವೆ ಅನ್ನಿ. ಒಂದರ ನೈಸ್ 0, ಇನ್ನೊಂದರದ್ದು 5. ಒಟ್ಟು ತೂಕ 1359. ಮೊದಲನೆಯದಕ್ಕೆ ಸುಮಾರು 75% ಸಮಯ, ಎರಡನೆಯದಕ್ಕೆ 25%. ನೈಸ್ 0 ಥ್ರೆಡ್‌ನ ಎದುರು ನೈಸ್ 19 ಇರುವ ಥ್ರೆಡ್‌ಗೂ ಒಂದೂವರೆ ಪರ್ಸೆಂಟಿನಷ್ಟು ಸಿಕ್ಕೇ ಸಿಗುತ್ತದೆ. ಉಪವಾಸ ಯಾರೂ ಇಲ್ಲ. ಪೈಪೋಟಿಗೆ ಬೇರೆ ಯಾರೂ ಇಲ್ಲದಿದ್ದರೆ ಅದೇ ಥ್ರೆಡ್ ಇಡೀ ಕೋರನ್ನು ಬಳಸಿಕೊಳ್ಳಬಹುದು.

ಈ ಪಾಲನ್ನು ಹಂಚುವ ಉಪಾಯ ನನಗೆ ತುಂಬಾ ಇಷ್ಟ. 2007ರಲ್ಲಿ ಇಂಗೊ ಮೊಲ್ನಾರ್ ಬರೆದ ಶೆಡ್ಯೂಲರ್ ಪ್ರತಿ ಥ್ರೆಡ್‌ನ ಕೈಗೂ ಒಂದು ಸುಳ್ಳು ಗಡಿಯಾರ ಕಟ್ಟಿತು. ನೈಸ್ 0 ಥ್ರೆಡ್ 10 ಮಿಲಿಸೆಕೆಂಡ್ ಓಡಿದರೆ ಅದರ ಗಡಿಯಾರವೂ 10 ಮುಂದೆ ಹೋಗುತ್ತದೆ. ನೈಸ್ 5 ಥ್ರೆಡ್ ಅಷ್ಟೇ ಹೊತ್ತು ಓಡಿದರೆ ಅದರ ಗಡಿಯಾರ 30 ದಾಟಿಬಿಡುತ್ತದೆ. ಯಾರ ಗಡಿಯಾರ ಎಲ್ಲರಿಗಿಂತ ಹಿಂದಿದೆಯೋ ಅವರಿಗೇ ಮುಂದಿನ ಸರದಿ. ಅಷ್ಟೇ! ಪಾಲು ತಾನಾಗಿಯೇ ಸರಿಹೋಗುತ್ತದೆ. ಟೈಪಿಂಗ್‌ನ ಗುಟ್ಟೂ ಇಲ್ಲೇ ಇದೆ. ನೀವು ಕೀಲಿ ಒತ್ತುವವರೆಗೂ ಎಡಿಟರ್ ಮಲಗಿರುತ್ತದೆ. ಹಾಗಾಗಿ ಎದ್ದಾಗ ಅದರ ಗಡಿಯಾರ ಸಾಮಾನ್ಯವಾಗಿ ಹಿಂದೆಯೇ ಇರುತ್ತದೆ, ತಕ್ಷಣ ಸರದಿ ಸಿಗುತ್ತದೆ. 2023ರ ಲಿನಕ್ಸ್ 6.6 ಆವೃತ್ತಿಯಿಂದ ಆಯ್ಕೆಯ ನಿಯಮ ಬದಲಾಗಿದೆ. ಈಗ ಗಡುವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ತೂಕದ ಪಟ್ಟಿ ಮಾತ್ರ ಹಾಗೇ ಇದೆ.

ನಿಜವಾಗಿಯೂ ‘ಮೊದಲು ನಾನು’ ಎನ್ನುವವರಿಗೆ ಬೇರೆ ವರ್ಗವೇ ಇದೆ, ರಿಯಲ್‌ಟೈಮ್. ಅಲ್ಲಿ ಅಂಕಿ 1ರಿಂದ 99. ಇಲ್ಲಿ ದೊಡ್ಡ ಅಂಕಿಯೇ ದೊಡ್ಡವನು, ನೈಸ್‌ಗೆ ಪೂರ್ತಿ ಉಲ್ಟಾ. ಯಾರಿಗೆ ತಾನೇ ತಲೆ ಕೆಡಲ್ಲ, ಅಲ್ವಾ? ಒಮ್ಮೆ ಒಂದೇ ಕೋರ್ ಕೊಟ್ಟಿದ್ದ ವರ್ಚುವಲ್ ಯಂತ್ರದಲ್ಲಿ, ಕೊನೆಯೇ ಇಲ್ಲದ ಲೂಪ್ ಒಂದಕ್ಕೆ 99 ಕೊಟ್ಟು ಓಡಿಸಿದೆ. ಯಂತ್ರ ಪೂರ್ತಿ ಸಾಯಲಿಲ್ಲ, ಕುಂಟುತ್ತಾ ಉಳಿಯಿತು. ಕಾರಣ ಕರ್ನಲ್‌ನ ಮುನ್ನೆಚ್ಚರಿಕೆ. ಪ್ರತಿ ಸೆಕೆಂಡಿನಲ್ಲಿ 0.05 ಸೆಕೆಂಡನ್ನು ಅದು ಬಡಪಾಯಿ ಥ್ರೆಡ್‌ಗಳಿಗೆ ಅಂತ ಎತ್ತಿಟ್ಟಿರುತ್ತದೆ. ಆ ಚೂರಿನಲ್ಲೇ ತಡವರಿಸುತ್ತಾ ನನ್ನ ಕಮಾಂಡ್ ಟೈಪ್ ಮಾಡಿ ಲೂಪನ್ನು ಕೊಂದೆ.

ಎಷ್ಟೇ ದೊಡ್ಡ ಅಂಕಿ ಕೊಟ್ಟರೂ ಕಾಪಾಡದ ಒಂದು ಸಂದರ್ಭವಿದೆ. ಕಡಿಮೆ ಆದ್ಯತೆಯ ಕೆಳಗಿನ ಥ್ರೆಡ್ ಒಂದು ಬೀಗ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಗುರುತು) ಹಿಡಿದು ಕೆಲಸ ಮಾಡುತ್ತಿದೆ. ಮೇಲಿನ ಥ್ರೆಡ್‌ಗೂ ಅದೇ ಬೀಗ ಬೇಕು, ಕಾಯುತ್ತದೆ. ಅಷ್ಟರಲ್ಲಿ ನಡುವಿನದೊಂದು ಎದ್ದು ಕೆಳಗಿನದನ್ನು ಪಕ್ಕಕ್ಕೆ ತಳ್ಳಿ ತಾನು ಓಡತೊಡಗುತ್ತದೆ. ಈಗ ಬೀಗ ಬಿಡುವವರಿಲ್ಲ. ಎಲ್ಲರಿಗಿಂತ ಮೇಲಿನದು ಯಾರೋ ನಡುವಿನವನಿಗಾಗಿ ಕಾಯುತ್ತಾ ಕೂತಿದೆ. 1997ರಲ್ಲಿ ಮಂಗಳನ ಮೇಲೆ ಇಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದದ್ದು ಇದೇ ಕಾರಣಕ್ಕೆ. ಅದರಲ್ಲಿದ್ದದ್ದು ಬೇರೆ ಕರ್ನಲ್, ಆದರೆ ಬಿದ್ದ ಗುಂಡಿ ಒಂದೇ.

ಪರಿಹಾರ ಆದ್ಯತೆಯನ್ನೇ ಸಾಲ ಕೊಡುವುದು. ಬೀಗ ಬಿಡುವವರೆಗೆ ಕೆಳಗಿನ ಥ್ರೆಡ್‌ಗೆ ಮೇಲಿನದರ ಆದ್ಯತೆ ಸಿಗುತ್ತದೆ. ಆಗ ನಡುವಿನದಕ್ಕೆ ಅದನ್ನು ತಳ್ಳಲು ಆಗುವುದಿಲ್ಲ. ಬೀಗ ಬಿಟ್ಟ ಕೂಡಲೇ ಸಾಲ ವಾಪಸ್. ಸಾಮಾನ್ಯ ಪ್ರೋಗ್ರಾಮ್‌ಗಳೂ ಬಳಸಬಹುದಾದ ಇಂಥ ಬೀಗ ಲಿನಕ್ಸ್‌ಗೆ 2006ರಲ್ಲಿ ಬಂತು. ಆದರೆ ಅದು ತಾನಾಗಿ ಸಿಗುವುದಿಲ್ಲ. ಬೀಗ ಮಾಡುವಾಗಲೇ ಪ್ರೋಗ್ರಾಮರ್ ಬಾಯಿಬಿಟ್ಟು ಕೇಳಬೇಕು. ಕೇಳಲು ಮರೆತರೆ, 99 ಅಂಕಿ ಹೊತ್ತ ಥ್ರೆಡ್ ಕೂಡ ಬಾಗಿಲಲ್ಲೇ ನಿಂತಿರುತ್ತದೆ.