ಮುಸೊಲಿನಿಯ ಇಟಲಿ: ವಿಚಾರಣೆಯಿಲ್ಲದ ಶಿಕ್ಷೆ, ಕಾರ್ಡಿನ ಮೇಲಿನ ಬದುಕು

ಫ್ಯಾಸಿಸ್ಟ್ ಇಟಲಿ ಎಂದೊಡನೆ ಹೆಚ್ಚಿನ ನೋಟ್ಸ್‌ಗಳಲ್ಲಿ ಬರುವುದು ಮುಸೊಲಿನಿ ಪಕ್ಷದ ಕರಿಯಂಗಿಯ ದಂಡು, ಅದು ವಿರೋಧಿಗಳಿಗೆ ಬಲವಂತವಾಗಿ ಕುಡಿಸುತ್ತಿದ್ದ ಹರಳೆಣ್ಣೆ. ಅದು 1922ರ ಆಸುಪಾಸಿನ ಮಾತು. 1926ರ ನವೆಂಬರ್‌ನಲ್ಲಿ ವಿರೋಧ ಪಕ್ಷಗಳಿಗೆ ಬೀಗ ಬಿದ್ದ ಮೇಲೆ ಜನರನ್ನು ಹದ್ದುಬಸ್ತಿನಲ್ಲಿಟ್ಟದ್ದು ಬಹುಪಾಲು ಕಾಗದಪತ್ರ.

ಪೊಲೀಸರ ಕೈಯಲ್ಲಿ ಮೂರು ಮೆಟ್ಟಿಲಿದ್ದವು. ಮೊದಲನೆಯದು ‘ದಿಫ್ಫಿದಾ’, ಕರೆಸಿ ಕೊಡುವ ಎಚ್ಚರಿಕೆ. ಎರಡನೆಯದು ‘ಅಮ್ಮೊನಿತ್ಸಿಯೋನೆ’: ಎರಡು ವರ್ಷ ನಿಗಾ, ಗೊತ್ತಾದ ಹೊತ್ತಿಗೆ ಮನೆ ಸೇರಬೇಕು. ಮೂರನೆಯದು ‘ಕಾನ್ಫಿನೊ’. ಇದನ್ನು ಚೆನ್ನಾಗಿ ಓದಿಕೊಳ್ಳಿ, ಇಡೀ ವ್ಯವಸ್ಥೆಯ ಕೀಲಿ ಇಲ್ಲಿದೆ. ಒಂದರಿಂದ ಐದು ವರ್ಷ ಲಿಪಾರಿ, ಪೊಂತ್ಸಾದಂಥ ದ್ವೀಪಕ್ಕೋ ದಕ್ಷಿಣದ ಬಡ ಹಳ್ಳಿಗೋ ಸಾಗಹಾಕುವುದು. ತೀರ್ಮಾನಿಸುವವರು ನ್ಯಾಯಾಧೀಶರಲ್ಲ; ಪ್ರಿಫೆಕ್ಟ್, ಅಂದರೆ ಪ್ರಾಂತ್ಯದ ಸರ್ಕಾರಿ ಮುಖ್ಯಸ್ಥ, ನಡೆಸುವ ಸಮಿತಿ. ಸಾಕ್ಷಿ ಸಾಬೀತಾಗಬೇಕಿಲ್ಲ, ಅನುಮಾನವೇ ಸಾಕು. ಅವಧಿ ಮುಗಿದರೂ ಮತ್ತೆ ವಿಸ್ತರಿಸಬಹುದಿತ್ತು. ಹೊಟ್ಟೆಪಾಡಿಗೆ ದಿನಕ್ಕೆ ಮೊದಲು 10 ಲಿರಾ, ಆಮೇಲೆ 5. ಗೆರೆ ದಾಟುವಂತಿಲ್ಲ, ಹಾಜರಿ ತಪ್ಪುವಂತಿಲ್ಲ. ಸಂಘಟಿತ ವಿರೋಧಿಗಳಷ್ಟೇ ಅಲ್ಲ, ಹೆಂಡದಂಗಡಿಯಲ್ಲಿ ಮುಸೊಲಿನಿಯನ್ನು ಬೈದವರೂ ಹೀಗೆ ಹೋದರು. ರಾಜಕೀಯ ಅಪರಾಧಗಳ ವಿಶೇಷ ನ್ಯಾಯಮಂಡಳಿಯೊಂದಿಗೆ ಕಾನ್ಫಿನೊವನ್ನು ಬೆರೆಸಬೇಡಿ. ಅದು 1927ರಲ್ಲಿ ಕೆಲಸ ಶುರುಮಾಡಿತು, ಅಲ್ಲಿ ಹೆಸರಿಗಾದರೂ ವಿಚಾರಣೆ ಇತ್ತು.

ಬೈದದ್ದು ಪೊಲೀಸರಿಗೆ ತಿಳಿಯುತ್ತಿದ್ದುದು ಹೇಗೆ? ರಹಸ್ಯ ಪೊಲೀಸ್ ದಳ ‘ಓವ್ರಾ’ದ ಬಾತ್ಮೀದಾರರಿದ್ದರು. ವಠಾರದ ಬಾಗಿಲು ಕಾಯುವವನೂ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ಇವರ ಜೊತೆಗೆ ಸಹಿಯಿಲ್ಲದ ಪತ್ರಗಳು. ಎಡವಟ್ಟಾಗುತ್ತಿದ್ದುದು ಇಲ್ಲೇ: ಸಾಲದ ಜಗಳ, ಮನೆಮಾಲೀಕನ ಮೇಲಿನ ಸಿಟ್ಟು ಎಲ್ಲವೂ ರಾಜದ್ರೋಹದ ದೂರಾಗಿ ಬರುತ್ತಿದ್ದವು.

ಇನ್ನು ಅನ್ನದ ಪ್ರಶ್ನೆ. 1933ರ ಹೊತ್ತಿಗೆ ಹೊಸದಾಗಿ ಸರ್ಕಾರಿ ನೌಕರಿ ಬಯಸುವವರಿಗೆ ಫ್ಯಾಸಿಸ್ಟ್ ಪಕ್ಷದ ಸದಸ್ಯತ್ವ ಕಾರ್ಡ್ ಬೇಕೇಬೇಕಾಯಿತು. ಪಕ್ಷದ ಇಟಾಲಿಯನ್ ಹೆಸರಿನ (ಪಾರ್ತಿತೊ ನಾತ್ಸಿಯೊನಾಲೆ ಫಾಶಿಸ್ತಾ) ಪಿ.ಎನ್.ಎಫ್. ಅಕ್ಷರಗಳನ್ನು ಜನ ‘ಪೆರ್ ನೆಚೆಸ್ಸಿತಾ ಫಮಿಲ್ಯಾರೆ’, ಅಂದರೆ ‘ಸಂಸಾರದ ಅನಿವಾರ್ಯಕ್ಕೆ’ ಎಂದು ಬಿಡಿಸಿ ನಗುತ್ತಿದ್ದರು, ಮೆಲ್ಲಗೆ. 1931ರಲ್ಲಿ ವಿಶ್ವವಿದ್ಯಾಲಯದ ಸುಮಾರು 1,200 ಪ್ರಾಧ್ಯಾಪಕರಲ್ಲಿ ನಿಷ್ಠೆಯ ಪ್ರಮಾಣವಚನ ನಿರಾಕರಿಸಿದವರು ಹನ್ನೆರಡರ ಆಸುಪಾಸು. 25ರಿಂದ 65 ವರ್ಷದ ಅವಿವಾಹಿತ ಗಂಡಸರ ಮೇಲೆ 1927ರಿಂದ ತೆರಿಗೆ ಬೇರೆ!

ಸರ್ಕಾರ ಕೊಟ್ಟದ್ದೂ ಉಂಟು. 1925ರಲ್ಲಿ ಹುಟ್ಟಿದ ದೋಪೊಲಾವೊರೊ ಸಂಸ್ಥೆ ಕಾರ್ಮಿಕರಿಗೆ ಅಗ್ಗದ ಸಿನಿಮಾ, ರೈಲು ಪ್ರವಾಸ, ಆಟೋಟ ಒದಗಿಸಿತು. 1939ಕ್ಕೆ ಸದಸ್ಯರು ಸುಮಾರು 38 ಲಕ್ಷ. ಬಹಳ ಮಂದಿ ಬಂದದ್ದು ರಿಯಾಯಿತಿಗೆ, ಸಿದ್ಧಾಂತಕ್ಕಲ್ಲ ಎಂಬುದು ನನ್ನ ಎಣಿಕೆ.

‘ಜನಬೆಂಬಲವಿತ್ತೇ’ ಎಂಬ ಪ್ರಶ್ನೆಗೆ 1929ರ ಸಂಸತ್ ಮತದಾನದಲ್ಲಿ ಬಿದ್ದ ಶೇ. 98 ‘ಹೌದು’ ಮತಗಳನ್ನು ಉತ್ತರವಾಗಿ ಬರೆಯಬೇಡಿ. ಅಲ್ಲಿದ್ದದ್ದು 400 ಹೆಸರಿನ ಒಂದೇ ಪಟ್ಟಿ. ಚೀಟಿಗಳು ಎರಡು: ‘ಹೌದು’ ಎಂಬುದಕ್ಕೆ ಧ್ವಜದ ಮೂರು ಬಣ್ಣ, ‘ಇಲ್ಲ’ ಎಂಬುದು ಬರೀ ಬಿಳಿ. ಹಾಗಿದ್ದೂ 1.35 ಲಕ್ಷ ಮಂದಿ ಬಿಳಿ ಚೀಟಿ ಹಾಕಿದರು. 1934ರ ಇಂಥದೇ ಮತದಾನದಲ್ಲಿ ಆ ಸಂಖ್ಯೆ 15 ಸಾವಿರದಷ್ಟಕ್ಕೆ ಇಳಿಯಿತು.