ನುಂಗಿದ ಮೇಲೂ ಟಿಬಿ ಕ್ರಿಮಿ ಯಾಕೆ ಸಾಯಲ್ಲ?

ಪ್ರಶ್ನೆ: ರೋಗಾಣುಗಳನ್ನು ನುಂಗಿ ಕೊಲ್ಲೋಕೆ ಅಂತಲೇ ನಮ್ಮ ಮೈಯಲ್ಲಿ ಕೋಶಗಳಿವೆಯಲ್ಲ? ಹಾಗಿದ್ದರೆ ಟಿಬಿ ಕ್ರಿಮಿ ಅದೇ ಕೋಶದೊಳಗೆ ವರ್ಷಗಟ್ಟಲೆ ಹೇಗೆ ಬದುಕಿರುತ್ತೆ?

ಉತ್ತರ: ನುಂಗುವುದು ಬೇರೆ, ಅರಗಿಸಿಕೊಳ್ಳುವುದು ಬೇರೆ. ನಮ್ಮ ಕೋಶಗಳಿಗೆ ಟಿಬಿ ಕ್ರಿಮಿಯನ್ನು ನುಂಗುವುದು ಸಲೀಸು. ಕಷ್ಟ ಇರುವುದು ಆಮೇಲೆ.

ಉಸಿರಿನ ಜೊತೆ ಒಳಹೋದ ಕ್ರಿಮಿಯನ್ನು ಶ್ವಾಸಕೋಶದಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ನುಂಗುತ್ತವೆ. ನುಂಗಿದ್ದು ಒಂದು ಪುಟ್ಟ ಚೀಲದಲ್ಲಿ ಬೀಳುತ್ತದೆ. ಆ ಚೀಲದ ಗೋಡೆಯ ಒಂದು ಕಿಣ್ವ ಆಕ್ಸಿಜನ್ನನ್ನು ಸೂಪರಾಕ್ಸೈಡ್ ಎಂಬ ಉಗ್ರ ರೂಪಕ್ಕೆ ತಿರುಗಿಸುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆಯೋಕೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಲ್ಲ, ಅದೇ. ಇವು ಕ್ರಿಮಿಯ ಡಿಎನ್ಎ, ಪ್ರೋಟೀನು, ಕೊಬ್ಬು ಯಾವುದನ್ನೂ ಬಿಡುವುದಿಲ್ಲ. ಈ ಕಾಟಕ್ಕೇ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಇದೇನು ಸುಮ್ನೆ ಹೆದರಿಸುವ ಆಯುಧವಲ್ಲ. ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಮಕ್ಕಳಿದ್ದಾರೆ. ಟಿಬಿ ಜಾಸ್ತಿ ಇರುವ ಕಡೆ ಅವರಿಗೆ ಅದು ಬೇಗ ತಗುಲುತ್ತದೆ.

ಆದರೆ ಕ್ರಿಮಿಯೂ ತಯಾರಾಗಿಯೇ ಬಂದಿರುತ್ತದೆ. ಮೈಮೇಲೆ ಮೇಣದಂಥ ದಪ್ಪ ಕೊಬ್ಬಿನ ಹೊದಿಕೆ. ತಾನಿರುವ ಚೀಲ ಜೀರ್ಣರಸದ ಚೀಲದ ಜೊತೆ ಸೇರದಂತೆ ತಡೆಯುವ ಪ್ರೋಟೀನುಗಳು. ಒಳಗೆ ಮೈಕೋಥಯಾಲ್ ಎಂಬ ಸಣ್ಣ ಅಣು ತುಂಬಿರುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ಸನ್ನು ತಣಿಸಲು ನಮ್ಮ ಕೋಶಗಳಲ್ಲಿ ಗ್ಲುಟಥಯೋನ್ ಎಂಬ ಅಣು ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಸೂಪರಾಕ್ಸೈಡನ್ನು ಪೆರಾಕ್ಸೈಡ್ ಮಾಡಲು ಒಂದು ಬಗೆಯ ಕಿಣ್ವ. ಆ ಪೆರಾಕ್ಸೈಡನ್ನು ನೀರು, ಆಕ್ಸಿಜನ್ ಆಗಿ ಒಡೆಯಲು ಇನ್ನೊಂದು. ಈ ಎರಡನೆಯದರ ಹೆಸರು ಕ್ಯಾಟ್-ಜಿ. ನನಗೆ ಇಡೀ ಕತೆಯಲ್ಲಿ ಮಜಾ ಅನ್ನಿಸುವುದು ಇದೇ.

ಲ್ಯಾಬಿನಲ್ಲಿ ಹಸಿರು ಮೊಟ್ಟೆ-ಮಾಧ್ಯಮದ ಮೇಲೆ ವಾರಗಟ್ಟಲೆ ಕಾದು ಟಿಬಿ ಬೆಳೆಸುತ್ತಾರೆ. ಒರಟೊರಟಾದ, ಕೆನೆಬಣ್ಣದ ಗುಪ್ಪೆಗಳು ಮೂಡುತ್ತವೆ. ಅದರ ಮೇಲೆ ಪೆರಾಕ್ಸೈಡ್ ಹಾಕಿದರೆ ಗುಳ್ಳೆ ಏಳುತ್ತದೆ. ಅದು ಕ್ಯಾಟ್-ಜಿಯ ಕೆಲಸ. ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆ 1952ರಲ್ಲಿ ಬಳಕೆಗೆ ಬಂತು. ಅದಕ್ಕೆ ಬಗ್ಗದ ಕ್ರಿಮಿಗಳು ಸ್ವಲ್ಪ ದಿನದಲ್ಲೇ ಕಾಣಿಸಿಕೊಂಡವು. ಅಂಥ ಎಷ್ಟೋ ಕ್ರಿಮಿಗಳಲ್ಲಿ ಗುಳ್ಳೆಯೇ ಏಳದಿರುವುದನ್ನು ಅಮೆರಿಕದ ವಿಜ್ಞಾನಿ ಗಾರ್ಡ್ನರ್ ಮಿಡಲ್‌ಬ್ರುಕ್ ಆ ದಶಕದಲ್ಲೇ ಗಮನಿಸಿದರು. ಗಿನಿಯಿಲಿಗಳಲ್ಲಿ ಅವುಗಳ ಆರ್ಭಟವೂ ಕಡಿಮೆ. ಇದಕ್ಕೆಲ್ಲ ಕಾರಣವಾದ, ಕ್ಯಾಟ್-ಜಿ ತಯಾರಿಸುವ ಜೀನ್ ಸಿಕ್ಕಿದ್ದು 1992ರಲ್ಲಿ. ಐಸೋನಿಯಾಜಿಡ್ ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ವಿಷವಾಗಿ ಬದಲಾಯಿಸುವುದು ಕ್ರಿಮಿಯದೇ ಕ್ಯಾಟ್-ಜಿ! ಗುರಾಣಿ ಬಿಸಾಕಿದರೆ ಮಾತ್ರೆಯಿಂದ ಬಚಾವ್, ಆದರೆ ಮ್ಯಾಕ್ರೋಫೇಜಿನ ಕೈಗೆ ಸಿಕ್ಕಿಬೀಳಬೇಕು. ಕ್ರಿಮಿ ಇದಕ್ಕೂ ದಾರಿ ಹುಡುಕಿಕೊಂಡಿದೆ. ಐಸೋನಿಯಾಜಿಡ್‌ಗೆ ಬಗ್ಗದ ಕ್ರಿಮಿಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಟ್-ಜಿಯನ್ನು ಕಟ್ಟಿರುವ ಅಮೈನೋ ಆಮ್ಲಗಳ ಸರಪಳಿಯಲ್ಲಿ 315ನೆಯದು ಮಾತ್ರ ಬದಲಾದ ರೂಪ. ಮಾತ್ರೆ ಕೆಲಸ ಮಾಡಲ್ಲ, ಪೆರಾಕ್ಸೈಡ್ ಒಡೆಯುವ ಶಕ್ತಿ ಮಾತ್ರ ಬಹುಪಾಲು ಉಳಿದಿರುತ್ತದೆ.

ಹಾಗಾದರೆ ಒಳಗಿರುವ ಕ್ರಿಮಿಗಳೆಲ್ಲ ಒಂದೇ ಸ್ಥಿತಿಯಲ್ಲಿರುತ್ತವಾ? ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಜೊತೆಗಾರರು ಕ್ರಿಮಿಯೊಳಗೇ ಹೊಳೆಯುವ ಪ್ರೋಟೀನೊಂದನ್ನು ಸೇರಿಸಿ ಇದನ್ನು ನೋಡಿದರು. ಮೈಕೋಥಯಾಲ್‌ನ ಸ್ಥಿತಿ ಬದಲಾದಂತೆ ಅದರ ಹೊಳಪೂ ಬದಲಾಗುತ್ತದೆ. ಈ ಕೆಲಸ 2014ರಲ್ಲಿ ಪ್ರಕಟವಾಯಿತು. ಮ್ಯಾಕ್ರೋಫೇಜುಗಳೊಳಗೆ ಕೆಲವು ಕ್ರಿಮಿಗಳು ಏದುಸಿರು ಬಿಡುತ್ತಿದ್ದರೆ, ಕೆಲವು ಆರಾಮಾಗಿದ್ದವು. ಆರಾಮಾಗಿದ್ದವೇ ಔಷಧಿಗೂ ಜಗ್ಗಲಿಲ್ಲ. ಟಿಬಿ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕಾಗಿರುವುದಕ್ಕೆ ಇಂಥ ಹಠಮಾರಿಗಳೂ ಒಂದು ಕಾರಣ.

ಇದೇ ತಂಡ 2019ರಲ್ಲಿ ಇನ್ನೊಂದು ವಿಷಯ ತೋರಿಸಿತು. ಚೀಲದ ಹುಳಿ ಅಂಶವೇ ಕ್ರಿಮಿಗಳನ್ನು ಆ ಆರಾಮದ ಸ್ಥಿತಿಗೆ ತಳ್ಳುತ್ತದೆ. ಮಲೇರಿಯಾದ ಹಳೆಯ ಮಾತ್ರೆ ಕ್ಲೋರೋಕ್ವಿನ್ ಆ ಹುಳಿಯನ್ನು ಇಳಿಸುತ್ತದೆ. ಟಿಬಿ ಔಷಧಿಯ ಜೊತೆ ಅದನ್ನೂ ಕೊಟ್ಟಾಗ ಕ್ರಿಮಿಗಳು ಚೆನ್ನಾಗಿ ಸತ್ತವು. ಆ ಪ್ರಯೋಗ ನಡೆದದ್ದು ಇಲಿ, ಗಿನಿಯಿಲಿಗಳ ಮೇಲೆ. ಹಾಗಾಗಿ ಇದನ್ನು ಓದಿ ಯಾರೂ ಮನೆಯಲ್ಲಿ ಉಳಿದ ಕ್ಲೋರೋಕ್ವಿನ್ ಹುಡುಕಬೇಡಿ. ಡಾಕ್ಟರ್ ಬರೆದ ಮಾತ್ರೆಯನ್ನಷ್ಟೇ ಪೂರ್ತಿ ಮುಗಿಸಿ.