ರಾಕ್ ಕ್ರಷರ್ ಎಂದರೆ ಯಾವುದು, ಯಾವುದಲ್ಲ

ಹಳೆಯ ಅಮೆರಿಕನ್ ಮಸಲ್ ಕಾರಿನಲ್ಲಿ, ಅಂದರೆ ಭಾರೀ ಎಂಜಿನ್ನಿನ ವೇಗದ ಕಾರಿನಲ್ಲಿ, ನಾಲ್ಕು ಗೇರು, ನೆಲದಿಂದೆದ್ದ ಒಂದು ಗೇರ್ ರಾಡು ಕಂಡರೆ ಸಾಕು, ಅದರ ಗೇರ್‌ಬಾಕ್ಸನ್ನು ‘ರಾಕ್ ಕ್ರಷರ್’ (ಕಲ್ಲು ಪುಡಿಮಾಡುವ ಯಂತ್ರ) ಎಂದುಬಿಡುವ ಚಾಳಿ ಹೆಚ್ಚಿದೆ. ಮೊನ್ನೆ ಮಸ್ಟಾಂಗ್‌ಗೂ ಆ ಪಟ್ಟ ಕಟ್ಟಿದ ವಿಡಿಯೊ ನೋಡಿದೆ. ಮಸ್ಟಾಂಗ್ ಫೋರ್ಡ್ ಕಂಪನಿಯದು. ಅದರದು ‘ಟಾಪ್‌ಲೋಡರ್’ ಎಂಬ ಗೇರ್‌ಬಾಕ್ಸ್, ಮುಚ್ಚಳ ಮೇಲಿರುವುದರಿಂದ ಆ ಹೆಸರು. ರಾಕ್ ಕ್ರಷರ್ ಜನರಲ್ ಮೋಟರ್ಸ್‌ನದು.

ಅಲ್ಲಿಯೂ ಎಲ್ಲವೂ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸೀ ಊರಿನ ಕಾರ್ಖಾನೆಯ ಹೆಸರು ಹೊತ್ತು 1963ರಿಂದ 1974ರವರೆಗೆ ಬಂದ ಗೇರ್‌ಬಾಕ್ಸ್‌ಗಳಲ್ಲಿ ಎಂ20, ಎಂ21, ಎಂ22 ಎಂಬ ಮೂರು ಬಗೆ. 1965ರಲ್ಲಿ ಬಂದ ಎಂ22 ಮಾತ್ರ ರಾಕ್ ಕ್ರಷರ್.

ಕಲ್ಲು ಪುಡಿಮಾಡುವಷ್ಟು ಗಟ್ಟಿ, ಅದಕ್ಕೇ ಆ ಹೆಸರು ಎನ್ನುವವರಿದ್ದಾರೆ. ಗಟ್ಟಿ ಹೌದು, ಹೆಸರು ಬಂದದ್ದು ಮಾತ್ರ ಸದ್ದಿನಿಂದ. ಮಾಮೂಲಿ ಗೇರುಗಳ ಹಲ್ಲು ಸಾಕಷ್ಟು ಓರೆಯಾಗಿರುತ್ತವೆ. ಒಂದು ಹಲ್ಲು ಬಿಡುವ ಮೊದಲೇ ಮುಂದಿನದು ಕಚ್ಚಿಕೊಳ್ಳುವುದರಿಂದ ಸದ್ದು ಕಡಿಮೆ. ಆದರೆ ಆ ಓರೆಯೇ ಗೇರುಗಳನ್ನು ಉದ್ದುದ್ದಕ್ಕೆ ತಳ್ಳುತ್ತದೆ, ಶಾಖ ಹುಟ್ಟಿಸುತ್ತದೆ. ಜನರಲ್ ಮೋಟರ್ಸ್‌ನ ಸ್ಪೋರ್ಟ್ಸ್ ಕಾರು ಕಾರ್ವೆಟ್‌ಗೆ ಹಾಕುತ್ತಿದ್ದ ಎಲ್88ನಂಥ ರೇಸಿನ ಎಂಜಿನ್ ಹಿಂದೆ ನಿಲ್ಲಬೇಕಾದ ಎಂ22ರಲ್ಲಿ ಓರೆಯನ್ನು ತಗ್ಗಿಸಿದರು. ತಳ್ಳಾಟ ಇಳಿಯಿತು, ಕೂಗು ಏರಿತು. ಮೊದಲ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಎಂಜಿನ್ ಗುಡುಗಿನ ಮೇಲೂ ಆ ಊಳು ಕೇಳುತ್ತದೆ, ಕಾಲೆತ್ತಿದರೆ ಅದರ ಸ್ವರ ಬದಲಾಗುತ್ತದೆ.

‘ರಾಕ್ ಕ್ರಷರ್ ಹಾಕಿಸಿದರೆ ಪಿಕಪ್ ಹೆಚ್ಚು’ ಎಂಬುದು ಇನ್ನೊಂದು ಹರಟೆ. ಎಂ21, ಎಂ22 ಎರಡರ ಗೇರ್ ಅನುಪಾತವೂ ಒಂದೇ: ಮೊದಲ ಗೇರು 2.20, ಅಂದರೆ ಎಂಜಿನ್ 2.20 ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವ ದಂಡ ಒಂದು ಸುತ್ತು. ಈ ಅಂಕಿ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು. ನಿಂತಲ್ಲಿಂದ ಸಲೀಸಾಗಿ ಹೊರಡಿಸುವುದು, ನಿಜ ಹೇಳಬೇಕೆಂದರೆ, ಯಾರೂ ಜಂಬ ಕೊಚ್ಚಿಕೊಳ್ಳದ ಎಂ20. 1966ರಿಂದ ಅದರ ಮೊದಲ ಗೇರು 2.52. ನಾಲ್ಕನೆಯದು ಮೂರರಲ್ಲೂ 1.00.

ಕೊಳ್ಳುವವರು ಮಾರುವವನ ಬಾಯಿಮಾತು ನಂಬಬೇಕಿಲ್ಲ. 1969ರಿಂದೀಚೆಗಿನ ಮನ್ಸೀ ಗೇರ್‌ಬಾಕ್ಸಿನ ಸರಣಿ ಸಂಖ್ಯೆಯ ತುದಿಯಲ್ಲಿ ‘ಸಿ’ ಇದ್ದರೆ ಎಂ22 ಆಗಿ ಹೊರಬಿದ್ದದ್ದು. ಒಳಗಿನ ಗೇರು ಆಮೇಲೆ ಬದಲಾಗಿರಬಹುದು, ಪಕ್ಕದ ಮುಚ್ಚಳ ಬಿಚ್ಚಿ ಹಲ್ಲಿನ ಓರೆ ನೋಡಿ. ಸದ್ದೊಂದನ್ನೇ ನೆಚ್ಚಬೇಡಿ: ನಾಲ್ಕನೆಯ ಗೇರಿನಲ್ಲಿ ಬಲ ನೇರವಾಗಿ ಹಾದುಹೋಗುವುದರಿಂದ ಊಳು ತಗ್ಗಬೇಕು. ಅಲ್ಲೂ ಜೋರಾಗಿ ಕೂಗುತ್ತಿದ್ದರೆ ಅದು ರಾಕ್ ಕ್ರಷರ್ ಗತ್ತಲ್ಲ, ಬೇರಿಂಗ್ ಸವೆದಿರಬಹುದು.